ಖಳನಿಗೂ ಸೋಲುವ ಅವಕಾಶ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳನ್ನು ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಹೊಸಬರಿಗೆ ಆಟದ ಸ್ವರೂಪವನ್ನು ಲೇಖಕರು ಚೆನ್ನಾಗಿಯೇ ತಿಳಿಸಿಕೊಟ್ಟಿದ್ದಾರೆ. ಆದರೆ ಆಟ ನಡೆಸುವವರಿಗೆಂದು ಕೊನೆಯಲ್ಲಿ ಕೊಟ್ಟಿರುವ ಸಲಹೆಯೊಂದಕ್ಕೆ ನನ್ನ ತಕರಾರಿದೆ. ಒಳ್ಳೆಯ ಖಳನನ್ನು ಒಂದೇ ಕಾಳಗದಲ್ಲಿ ಕಳೆದುಕೊಳ್ಳಬಾರದು, ಅವನು ತಪ್ಪಿಸಿಕೊಳ್ಳಲು ಯಾವಾಗಲೂ ಒಂದು ದಾರಿಯನ್ನು ಕೈಯಲ್ಲಿಟ್ಟುಕೊಂಡಿರಬೇಕು, ಆಗಲೇ ಅವನು ಕಥೆಯುದ್ದಕ್ಕೂ ಬೆದರಿಕೆಯಾಗಿ ಉಳಿಯುತ್ತಾನೆ ಎಂದು ಅವರು ಬರೆದಿದ್ದಾರೆ. ಖಳನು ಮರಳಿ ಬರಬೇಕೆಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಹನ್ನೊಂದು ವರ್ಷಗಳಿಂದ ಗೇಮ್ ಮಾಸ್ಟರ್ ಆಗಿ, ಎಂದರೆ ಕಥೆ ನಡೆಸುತ್ತಾ ಖಳರ ಪಾತ್ರವನ್ನೂ ಆಡುವವನಾಗಿ, ಮೇಜಿನ ಆ ಬದಿಯಲ್ಲಿ ಕೂತ ಅನುಭವದಿಂದ ಹೇಳುವುದಾದರೆ, ಸೋಲಿನಿಂದ ನುಣುಚಿಕೊಂಡು ಮರಳುವ ಖಳನಿಗೂ, ನಿಜವಾಗಿ ಸೋತು ಆ ಸೋಲಿನ ಗುರುತನ್ನು ಮೈಮೇಲೆ ಹೊತ್ತು ಮರಳುವ ಖಳನಿಗೂ ಅಜಗಜಾಂತರವಿದೆ.

ಮೊದಲಿಗೆ, ಲೇಖಕರ ಆತಂಕ ಆಧಾರವಿಲ್ಲದ್ದೇನಲ್ಲ ಎಂಬುದನ್ನು ಒಪ್ಪಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಪ್ರಕಟವಾದಂದಿನಿಂದ ಇಂದಿನವರೆಗೂ ಈ ಆಟದ ಕಾಳಗದಲ್ಲಿ ಒಂದು ಲೆಕ್ಕ ಬದಲಾಗಿಲ್ಲ: ಒಂದು ಕಡೆ ನಾಲ್ಕೈದು ಜನ ಆಟಗಾರರು, ಇನ್ನೊಂದು ಕಡೆ ಖಳ ಒಬ್ಬನೇ. ಖಳನು ಒಂದು ಏಟು ಕೊಡುವಷ್ಟರಲ್ಲಿ ಅವನಿಗೆ ನಾಲ್ಕೈದು ಏಟು ಬಿದ್ದಿರುತ್ತವೆ. ಐದನೆಯ ಆವೃತ್ತಿಯಲ್ಲಿ ಕಾಳಗದ ಒಂದು ಸುತ್ತು ಎಂದರೆ ಕಥೆಯ ಕಾಲಮಾನದಲ್ಲಿ 6 ಸೆಕೆಂಡು. ತಿಂಗಳುಗಟ್ಟಲೆ ಕೂತು, ಅವನ ಬಾಲ್ಯದಿಂದ ಹಿಡಿದು ಅವನ ಮೀಸೆಯವರೆಗೆ ಎಲ್ಲವನ್ನೂ ಕಲ್ಪಿಸಿಕೊಂಡು ಕಟ್ಟಿದ ಖಳನಾಯಕ ಮೂರು ಸುತ್ತುಗಳಲ್ಲಿ, ಎಂದರೆ 18 ಸೆಕೆಂಡುಗಳಲ್ಲಿ, ಬಾಯಿ ತೆರೆಯುವ ಮುನ್ನವೇ ನೆಲಕ್ಕುರುಳುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಹೋಲ್ಡ್ ಪರ್ಸನ್ ಎಂಬ ಎರಡನೆಯ ಹಂತದ ಮಂತ್ರವೊಂದು ಸಾಕು, ಅವನು ನಿಂತಲ್ಲೇ ಮರಗಟ್ಟುತ್ತಾನೆ. 2014ರ ನಿಯಮಪುಸ್ತಕದಲ್ಲಿ ಕೆಲವು ಪ್ರಬಲ ಜೀವಿಗಳಿಗೆ ಇಂತಹ ಮಂತ್ರಗಳನ್ನು ದಿನಕ್ಕೆ ಸಾಮಾನ್ಯವಾಗಿ ಮೂರು ಬಾರಿ ಕೊಡವಿಕೊಳ್ಳುವ ಶಕ್ತಿ ಕೊಟ್ಟಿರುವುದು ಈ ಕಾರಣಕ್ಕೇ.

ಹಾಗಾಗಿ ಆಟ ನಡೆಸುವವನ ಕೈ ತಾನಾಗಿಯೇ ಪಲಾಯನದ ಮಂತ್ರಗಳತ್ತ ಹೋಗುತ್ತದೆ. ಮಿಸ್ಟಿ ಸ್ಟೆಪ್ ಕಣ್ಣಿಗೆ ಕಾಣುವ ಜಾಗಕ್ಕೆ 30 ಅಡಿ ಹಾರಿಸುತ್ತದೆ. ಡೈಮೆನ್ಷನ್ ಡೋರ್ ಗೋಡೆಗಳಾಚೆಗೆ 500 ಅಡಿ ದೂರ ಒಯ್ಯುತ್ತದೆ. ಇವುಗಳ ಬಳಕೆಗೆ ನನ್ನ ಆಕ್ಷೇಪಣೆಯಿಲ್ಲ. ಏಕೆಂದರೆ ಇವು ಖಳನ ಶಕ್ತಿಗಳನ್ನು ಗುರುತಿಸಿಡುವ ಹಾಳೆಯಲ್ಲಿ ಮೊದಲೇ ಬರೆದಿರುತ್ತವೆ, ಬಳಸಿದರೆ ಖರ್ಚಾಗುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ಆಟಗಾರರು ಇವುಗಳನ್ನು ತಡೆಯಬಲ್ಲರು. 60 ಅಡಿಯೊಳಗೆ ನಿಂತ ಮಾಂತ್ರಿಕನೊಬ್ಬ ಸಮಯಕ್ಕೆ ಸರಿಯಾಗಿ ಕೌಂಟರ್‌ಸ್ಪೆಲ್ ಹಾಕಿದರೆ ಖಳನ ಆ ದಾರಿ ಅಲ್ಲಿಗೇ ಮುಚ್ಚಬಹುದು. ಎಂದಮೇಲೆ ಅವನು ತಪ್ಪಿಸಿಕೊಂಡನೆಂದರೆ ಅದು ಆಟದಲ್ಲಿ ನಡೆದ ಘಟನೆ, ಮುಂದಿನ ಸಲ ಅವನ ಹತ್ತಿರವೇ ನಿಂತುಕೊಳ್ಳೋಣ ಎಂದು ಆಟಗಾರರು ಪಾಠ ಕಲಿಯುತ್ತಾರೆ. ನನ್ನ ಆಕ್ಷೇಪಣೆ ಇರುವುದು ಲೇಖಕರ "ಯಾವಾಗಲೂ" ಎಂಬ ಮಾತಿಗೆ. ಯಾವಾಗಲೂ ತೆರೆದಿರುವ ದಾರಿ ಎಂದರೆ ಆಟಗಾರರು ಏನು ಮಾಡಿದರೂ ಮುಚ್ಚಲಾಗದ ದಾರಿ, ಅಂಥದ್ದನ್ನು ಕೊಟ್ಟ ಮೇಲೆ ದಾಳ ಉರುಳಿಸುವ ನಾಟಕವಾದರೂ ಯಾಕೆ?

ಹಳೆಯ ನಿಯಮಗಳಲ್ಲಿ ಇದಕ್ಕೊಂದು ಮರ್ಯಾದಸ್ಥ ಉಪಾಯವಿತ್ತು. 1981ರ ಬೇಸಿಕ್ ಆವೃತ್ತಿಯಲ್ಲಿ ಪ್ರತಿಯೊಂದು ರಾಕ್ಷಸ ಜೀವಿಗೂ 2ರಿಂದ 12ರವರೆಗೆ ಸ್ಥೈರ್ಯದ ಒಂದು ಅಂಕಿ ಇರುತ್ತಿತ್ತು. ಕಾಳಗದಲ್ಲಿ ಮೊದಲ ಸಾವು ಸಂಭವಿಸಿದಾಗ ಒಮ್ಮೆ, ಆ ಗುಂಪಿನ ಅರ್ಧದಷ್ಟು ಮಂದಿ ಬಿದ್ದಾಗ ಮತ್ತೊಮ್ಮೆ ಎರಡು ದಾಳಗಳನ್ನು ಉರುಳಿಸಿ, ಬಂದ ಮೊತ್ತ ಆ ಅಂಕಿಯನ್ನು ಮೀರಿದರೆ ಉಳಿದವರು ಓಡುತ್ತಿದ್ದರು ಇಲ್ಲವೇ ಶರಣಾಗುತ್ತಿದ್ದರು. ಓಟ ಅಲ್ಲಿ ಗೇಮ್ ಮಾಸ್ಟರನ ಕೃಪೆಯಾಗಿರಲಿಲ್ಲ, ದಾಳದ ತೀರ್ಪಾಗಿತ್ತು. ಈಗಿನ ಆಟಗಳಲ್ಲಿ ಈ ಪದ್ಧತಿ ಮೂಲೆಗುಂಪಾಗಿರುವುದರಿಂದ, ಬಿಡಿ ಕಳ್ಳನೂ ಕೊನೆಯ ಉಸಿರಿನವರೆಗೆ ಕತ್ತಿ ಬೀಸುತ್ತಾನೆ, ಒಡೆಯನೊಬ್ಬ ಮಾತ್ರ ಹೊಗೆಯಾಗಿ ಮಾಯವಾಗುತ್ತಾನೆ. ನನ್ನನ್ನು ಕೇಳಿದರೆ ಇದು ತಲೆಕೆಳಗು. ಕೂಲಿಯವರು ಬೇಗ ಓಡಬೇಕು, ಒಡೆಯ ಒಂಟಿಯಾಗಿ ಉಳಿಯಬೇಕು, ಆಗ ಅವನು ಏನು ಮಾಡುತ್ತಾನೆ ಎಂಬುದರಲ್ಲಿ ಅವನ ಸ್ವಭಾವ ಬಯಲಾಗುತ್ತದೆ.

ಇಷ್ಟು ಖಡಾಖಂಡಿತವಾಗಿ ಬರೆಯಲು ನನ್ನದೇ ಒಂದು ತಪ್ಪು ಕಾರಣ. ನಾನು ಬರೆದುಕೊಂಡಿದ್ದ ಒಂದು ಸಾಹಸದಲ್ಲಿ ಹೊಳೆಯ ಸೇತುವೆಯೊಂದರ ಮೇಲೆ ಸುಂಕ ವಸೂಲು ಮಾಡುವ ಅಧಿಕಾರಿಯಿದ್ದ. ದಾರಿಹೋಕರ ಹೆಸರು, ಅವರ ಮೂಟೆಯಲ್ಲೇನಿದೆ ಎಂಬ ವಿವರ ಎಲ್ಲವನ್ನೂ ಬರೆದುಕೊಂಡು ದರೋಡೆಕೋರರಿಗೆ ತಲುಪಿಸುವುದು ಅವನ ಗುಟ್ಟಿನ ಕಸುಬು. ಮೂರು ಸೆಷನ್‌ಗಳಲ್ಲಿ ಬಂದು ಸತ್ತುಹೋಗಬೇಕಾಗಿದ್ದ ಸಣ್ಣ ಪಾತ್ರ ಅದು. ಅವನಿಗೆ ಹೆಸರನ್ನೂ ಇಟ್ಟಿರಲಿಲ್ಲ. ಆದರೆ ಅವನ ಮಾತನ್ನಾಡುವಾಗ ನಾನು ಎಡಗೈಯಲ್ಲಿ ನೋಟ್‌ಬುಕ್ ಹಿಡಿದು, ಬಲಗೈ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಒಂದೊಂದೇ ಹಾಳೆ ಮಗುಚುತ್ತಾ "ಹೆಸರು?" ಎಂದು ಕೇಳುತ್ತಿದ್ದೆ. ಅವರು ಹೇಳಿದ ಹೆಸರನ್ನು ಪ್ರತಿ ಸಲವೂ ತಪ್ಪಾಗಿ ಬರೆದುಕೊಂಡು, ತಪ್ಪಾಗಿಯೇ ಓದಿ ಹೇಳುತ್ತಿದ್ದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಆಡಿ ತೋರಿಸುವ ತಮಾಷೆಯಷ್ಟೇ ನನ್ನ ಮನಸ್ಸಿನಲ್ಲಿತ್ತು. ಎರಡನೆಯ ಸೆಷನ್ ಮುಗಿಯುವಷ್ಟರಲ್ಲಿ ನನ್ನ ನಾಲ್ವರು ಆಟಗಾರರೂ ಅವನನ್ನು ಎಷ್ಟು ದ್ವೇಷಿಸತೊಡಗಿದ್ದರೆಂದರೆ, ನಾನು ಆರು ತಿಂಗಳಿಂದ ಹೆಣೆಯುತ್ತಿದ್ದ ಅಸಲಿ ಖಳನಾಯಕನ ಕಡೆ ಯಾರಿಗೂ ಗಮನವಿರಲಿಲ್ಲ.

ಮೂರನೆಯ ಸೆಷನ್ನಿನಲ್ಲಿ ಸೇತುವೆಯ ಮೇಲೆ ಕಾಳಗವಾಯಿತು. ಅವನಿಗೆ ಉಳಿದಿದ್ದದ್ದು 14 ಹಿಟ್ ಪಾಯಿಂಟ್, ಎಂದರೆ ಅಷ್ಟು ಪೆಟ್ಟಿಗೆ ಮುಗಿಯುವ ಜೀವಬಲ. ಯೋಧನ ಪಾತ್ರ ಆಡುತ್ತಿದ್ದ ಗೆಳತಿ ಇಪ್ಪತ್ತು ಮುಖದ ದಾಳ ಉರುಳಿಸಿದಳು, ಅದು ಸರಿಯಾಗಿ 20ಕ್ಕೇ ಬಂದು ನಿಂತಿತು. ಹಾಗೆ 20 ಬಿದ್ದಾಗ ಸಿಗುವ ಎರಡು ಪಟ್ಟು ದಾಳಗಳ ಪೆಟ್ಟು 19 ಆಯಿತು. ಮೇಜಿನ ಸುತ್ತ ಕೂಗೆದ್ದಿತು. ಇಷ್ಟು ಒಳ್ಳೆಯ ಖಳ ಕೈತಪ್ಪಿಹೋಗುತ್ತಾನಲ್ಲ ಎಂಬ ಆಸೆಬುರುಕತನದಿಂದ ನಾನು, "ಅವನ ಬೆರಳಿನ ಉಂಗುರ ಝಗ್ಗೆಂದು ಹೊಳೆಯಿತು, ಕತ್ತಿ ಗಾಳಿಯನ್ನಷ್ಟೇ ಸೀಳಿತು, ಅವನಿಲ್ಲ" ಎಂದುಬಿಟ್ಟೆ. ಕೂಗು ತಟ್ಟನೆ ನಿಂತಿತು. ಕಳ್ಳನ ಪಾತ್ರದವನು ತನ್ನ ಹಾಳೆಯನ್ನು ತಿರುಗಿಸಿ ನೋಡಿ, ಯಾವ ವ್ಯಂಗ್ಯವೂ ಇಲ್ಲದ ದನಿಯಲ್ಲಿ, "ಹೋದ ವಾರ ಅವನ ಜೇಬು ಕತ್ತರಿಸುವಾಗ ಬೆರಳಲ್ಲಿ ಏನಿದೆ ಎಂದು ಕೇಳಿದ್ದೆ. ಮಸಿಯ ಕಲೆ ಬಿಟ್ಟರೆ ಏನೂ ಇಲ್ಲ ಅಂದಿದ್ದೆ ನೀನು" ಎಂದ. ಅವನು ಅದನ್ನು ಬರೆದಿಟ್ಟುಕೊಂಡಿದ್ದ. ಯೋಧನ ಆಟಗಾರ್ತಿ ಏನೂ ಹೇಳದೆ ದಾಳವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದವನು ಸುಂಕದವನಾಗಿರಲಿಲ್ಲ, ನಾನಾಗಿದ್ದೆ.

ಇದರ ಪರಿಣಾಮವನ್ನು ಲೇಖಕರು ಗಮನಿಸಬೇಕೆಂದು ಕೋರುತ್ತೇನೆ. ಖಳನು ಬದುಕಿದ, ನಿಜ. ಆದರೆ ಮುಂದಿನ ಸೆಷನ್ನಿನಲ್ಲಿ ಅವನ ಸುಳಿವು ಸಿಕ್ಕಿದರೂ ಯಾರೂ ಬೆನ್ನಟ್ಟಲಿಲ್ಲ. "ಹೋಗಿ ಏನು ಮಾಡುವುದು, ಇನ್ನೊಂದು ಉಂಗುರ ಇಟ್ಟಿರುತ್ತಾನೆ" ಎಂದರು. ಅವರ ದ್ವೇಷ ಪಾತ್ರದಿಂದ ಜಾರಿ ಪಾತ್ರ ಕಟ್ಟಿದವನ ಮೇಲೆ ಕೂತಿತ್ತು. ಮರಳಿ ಬರುವ ಖಳನ ಸತ್ವವಿರುವುದೇ ಆಟಗಾರರು ಅವನನ್ನು ಹಿಡಿಯಲು ಹಾತೊರೆಯುವುದರಲ್ಲಿ. ಹಿಡಿದರೂ ಕೈಗೆ ಸಿಗಲಾರನೆಂದು ಒಮ್ಮೆ ಅನಿಸಿಬಿಟ್ಟರೆ ಅವನು ಮಳೆ ಗಾಳಿಯಂತೆ ಒಂದು ಕಿರಿಕಿರಿ ಮಾತ್ರ. ಅವನಿಗೆ ಅಂಜುವವರೂ ಇಲ್ಲ, ಅವನಿಗಾಗಿ ಹೊಂಚುವವರೂ ಇಲ್ಲ.

ನಾನು ಮುಂದಿನ ವಾರ ಆಟ ಶುರುಮಾಡುವ ಮೊದಲು ತಪ್ಪನ್ನು ಒಪ್ಪಿಕೊಂಡೆ. ಉಂಗುರ ಇರಲಿಲ್ಲ, ಆ ಪೆಟ್ಟಿಗೆ ಅವನು ಸಾಯಬೇಕಾಗಿತ್ತು, ಬೇಕಾದರೆ ಈಗಲೇ ಸತ್ತನೆಂದು ಬರೆದುಕೊಳ್ಳೋಣ ಎಂದೆ. ವಿಚಿತ್ರವೆಂದರೆ ಅವರಿಗೆ ಅವನ ಸಾವು ಬೇಕಿರಲಿಲ್ಲ. ಇಪ್ಪತ್ತು ನಿಮಿಷ ಚರ್ಚೆಯಾಯಿತು. "ಅವನು ಬದುಕಲಿ, ಆದರೆ ನನ್ನ ಕತ್ತಿ ಗಾಳಿಯನ್ನು ಸೀಳಿತು ಅನ್ನಬೇಡ" ಎಂದು ಯೋಧನ ಆಟಗಾರ್ತಿ ಹೇಳಿದಳು. ಕೊನೆಗೆ ಎಲ್ಲರೂ ಒಪ್ಪಿದ ಪ್ರಕಾರ ಕತ್ತಿ ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಕತ್ತರಿಸಿತು, ಲೆಕ್ಕದ ಪುಸ್ತಕ ಸೇತುವೆಯ ಮೇಲೆ ಬಿತ್ತು, ಅವನು ಹೊಳೆಗೆ ಬಿದ್ದ. ಪುಸ್ತಕ ಅವರ ಪಾಲಾಯಿತು, ಅದರಲ್ಲಿದ್ದ ದರೋಡೆಕೋರರ ಹೆಸರುಗಳೂ ಅವರ ಪಾಲಾದವು, ಸೇತುವೆಯ ಸುಂಕ ರದ್ದಾಯಿತು. ಅವನಿಗೆ ಉಳಿದದ್ದು ಜೀವ ಒಂದೇ. ಫೇಟ್ ಎಂಬ ಆಟದಲ್ಲಿ ಇದು ನಿಯಮವಾಗಿಯೇ ಇದೆ: ತನ್ನನ್ನು ಮುಗಿಸಿಬಿಡುವ ದಾಳ ಉರುಳುವ ಮೊದಲೇ ಯಾರಾದರೂ ಸೋಲನ್ನು ಒಪ್ಪಿಕೊಳ್ಳಬಹುದು, ಹಾಗೆ ಒಪ್ಪಿಕೊಂಡವನು ತಾನು ಹೇಗೆ ನಿರ್ಗಮಿಸಿದೆ ಎಂದು ಹೇಳುವ ಹಕ್ಕನ್ನು ಪಡೆಯುತ್ತಾನೆ, ಆದರೆ ಎದುರಾಳಿ ಯಾವುದಕ್ಕಾಗಿ ಹೋರಾಡುತ್ತಿದ್ದನೋ ಅದನ್ನು ಬಿಟ್ಟುಕೊಡಲೇಬೇಕು. ನನಗೆ ಆ ನಿಯಮ ಆಗ ತಿಳಿದಿರಲಿಲ್ಲ. ನನ್ನ ಆಟಗಾರರು ತಾವಾಗಿಯೇ ಅಲ್ಲಿಗೆ ತಲುಪಿದ್ದರು.

ಸುಂಕದವನನ್ನು ಮತ್ತೆ ಕಟ್ಟುವ ಕೆಲಸ ಅಲ್ಲಿಂದ ಶುರುವಾಯಿತು. ಮಾಮೂಲು ಪದ್ಧತಿಯಲ್ಲಿ ಖಳನನ್ನು ಮರಳಿಸುವುದೆಂದರೆ ಅವನ ಅಂಕಿಗಳನ್ನು ಏರಿಸುವುದು: ಆಟಗಾರರು ಮೂರನೆಯ ಲೆವೆಲ್‌ನಿಂದ ಆರಕ್ಕೆ ಹೋದರೆ ಅವನೂ ಆರಕ್ಕೆ ಹೋಗುತ್ತಾನೆ, ಹಿಟ್ ಪಾಯಿಂಟ್ ಎರಡು ಪಟ್ಟಾಗುತ್ತವೆ, ಕತ್ತಿಗೆ ಬೆಂಕಿ ಹತ್ತುತ್ತದೆ. ಹೀಗೆ ಬಂದವನು ಅದೇ ಮನುಷ್ಯ, ಅದೇ ಕಾಳಗ. ನಾನು ಬೇರೆ ಪ್ರಶ್ನೆ ಕೇಳಿಕೊಂಡೆ. ಆಟಗಾರರು ಅವನಿಂದ ಏನೇನು ಕಿತ್ತುಕೊಂಡರು? ಕತ್ತಿ ಹಿಡಿಯುವ ಕೈ, ಅಧಿಕಾರ, ಪುಸ್ತಕ. ಅವರ ಕೈಗೆ ಸಿಗದೆ ಏನು ಉಳಿಯಿತು? ನೆನಪು. ಎಷ್ಟೋ ವರ್ಷಗಳ ಕಾಲ ಆ ದಾರಿಯಲ್ಲಿ ಹೋದವರ ಹೆಸರು, ಸಾಲ, ಗುಟ್ಟು ಎಲ್ಲವೂ ಅವನ ತಲೆಯಲ್ಲಿ ಹಾಗೆಯೇ ಇತ್ತು. ಕತ್ತಿ ಹಿಡಿಯಲಾಗದವನು ಇನ್ನು ಮುಂದೆ ಕತ್ತಿಯಿಂದ ಹೆದರಿಸುವುದಿಲ್ಲ, ಹೀಗಾಗಿ ಅವನು ಕಾಳಗದಲ್ಲಿ ಮೊದಲಿಗಿಂತ ದುರ್ಬಲನಾಗಿಯೂ ಕಥೆಯಲ್ಲಿ ಮೊದಲಿಗಿಂತ ಅಪಾಯಕಾರಿಯಾಗಿಯೂ ಮರಳಬಹುದು ಎಂಬುದು ಹೊಳೆದದ್ದು ಆಗ.

ಮತ್ತೊಂದು ಎಳೆ ಆಟಗಾರರ ಗೆಲುವಿನಲ್ಲೇ ಸಿಕ್ಕಿತು. ಸೇತುವೆ ಮುಕ್ತವಾದದ್ದೇನೋ ಸರಿ, ಆದರೆ ಸುಂಕ ಕೊಡಲಾರದವರನ್ನು ಇಷ್ಟು ದಿನ ಕಡಿಮೆ ಕಾಸಿಗೆ ದಾಟಿಸುತ್ತಿದ್ದ ಅಂಬಿಗರ ಗತಿ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮ ಬಾಯಲ್ಲೇ ಇದ್ದರೂ ಮೇಜಿನ ಸುತ್ತ ಕೂತ ಐವರಲ್ಲಿ ಒಬ್ಬರಿಗೂ, ನನಗೂ ಸೇರಿ, ಅಂಬಿಗರ ನೆನಪು ಬಂದಿರಲಿಲ್ಲ. ಸುಂಕದವನಿಗೆ ಬಂತು. ಕಥೆಯ ಎಂಟು ತಿಂಗಳಲ್ಲಿ ಅವನು ದೋಣಿಗಳನ್ನು ಅಡವಿಟ್ಟುಕೊಂಡು ಅವರಿಗೆಲ್ಲ ಸಾಲ ಕೊಟ್ಟ. ಹೀಗೆ ಆಟಗಾರರು ಮತ್ತೆ ಆ ಊರಿಗೆ ಬಂದಾಗ, ತಮ್ಮನ್ನು ಹೆಗಲ ಮೇಲೆ ಹೊತ್ತು ಮೆರೆಸಿದ್ದ ಅಂಬಿಗರು ಮುಖ ತಿರುಗಿಸಿದರು. ಯಾವ ಶಾಪವೂ ಇಲ್ಲ, ಮಾಟವೂ ಇಲ್ಲ. ಆಟಗಾರರ ಒಳ್ಳೆಯ ಕೆಲಸದ ಬಿರುಕಿನಲ್ಲಿ ಖಳನು ಬೇರು ಬಿಟ್ಟಿದ್ದ, ಅದನ್ನು ಕಂಡು ಅವರಿಗೆ ಆದ ಕಸಿವಿಸಿಯನ್ನು ನಾನು ಯಾವ ಬೆಂಕಿಯ ಕತ್ತಿಯಿಂದಲೂ ಉಂಟುಮಾಡಲಾಗುತ್ತಿರಲಿಲ್ಲ.

ಎರಡನೆಯ ಭೇಟಿಯನ್ನು ನಾನು ಪ್ರಭುವೊಬ್ಬನ ಸಂಧಾನದ ಸಭೆಯಲ್ಲಿ ಇಟ್ಟೆ. ಅತಿಥಿಗಳೆಲ್ಲರೂ ಆಯುಧವನ್ನು ಬಾಗಿಲಲ್ಲೇ ಬಿಟ್ಟು, ರಕ್ತ ಹರಿಸುವುದಿಲ್ಲವೆಂದು ಪ್ರಮಾಣ ಮಾಡಿ ಒಳಗೆ ಬಂದಿದ್ದರು. ಪ್ರಭುವಿನ ಪಕ್ಕದಲ್ಲಿ ಲೆಕ್ಕಿಗನೊಬ್ಬ ತಲೆತಗ್ಗಿಸಿ ಕೂತಿದ್ದಾನೆ ಎಂದಷ್ಟೇ ಹೇಳಿ, ನಾನು ಈ ಸಲ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈ ಹೆಬ್ಬೆರಳನ್ನು ನಾಲಿಗೆಗೆ ಒತ್ತಿದೆ. "ಹೆಸರು?" ಎನ್ನುವ ಮೊದಲೇ ಯೋಧನ ಆಟಗಾರ್ತಿ ಕುರ್ಚಿಯಿಂದ ಎದ್ದಿದ್ದಳು. ಕೊಲ್ಲುವಂತಿಲ್ಲ, ಕೊಂದರೆ ಸಂಧಾನ ಮುರಿದು ಎರಡು ನಾಡುಗಳ ನಡುವೆ ಯುದ್ಧವಾಗುತ್ತದೆ. ಇಷ್ಟಾಗಿಯೂ ಕೊಲ್ಲುತ್ತೇವೆಂದು ಅವರು ನಿರ್ಧರಿಸಿದ್ದರೆ ನಾನು ತಡೆಯುತ್ತಿರಲಿಲ್ಲ. ಅವನಿಗೆ ಅಲ್ಲಿ ಯಾವ ಉಂಗುರವೂ ಇರಲಿಲ್ಲ, ಹತ್ತೇ ಹತ್ತು ಹಿಟ್ ಪಾಯಿಂಟ್ ಇದ್ದವು. ಅವರು ಕೂತರು. ಅರ್ಧ ಗಂಟೆ ಅವನೊಂದಿಗೆ ಮಾತಾಡಿದರು. ದಾಳವನ್ನೇ ಮುಟ್ಟದ ಆ ಅರ್ಧ ಗಂಟೆಯಲ್ಲಿ ಅವನು ಅವರ ಹೆಸರುಗಳನ್ನು ಮತ್ತೆ ತಪ್ಪಾಗಿ ಹೇಳಿದ, ಯೋಧನ ಹೆಸರೊಂದನ್ನು ಬಿಟ್ಟು. ಅದನ್ನು ಮಾತ್ರ ಅಕ್ಷರ ತಪ್ಪದೆ ಹೇಳಿದ.

ಖಳನನ್ನು ಕಾಳಗದ ಹೊರಗೆ ಭೇಟಿ ಮಾಡಿಸಬೇಕೆಂಬುದು ಹೊಸ ವಿಚಾರವೇನಲ್ಲ. ಸ್ಟ್ರಾಡ್ ಎಂಬ ರಕ್ತಪಿಪಾಸು ಪ್ರಭು 1983ರಲ್ಲಿ ಟ್ರೇಸಿ ಹಿಕ್‌ಮನ್ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ ಸಾಹಸದಲ್ಲಿ ಮೊದಲು ಕಾಣಿಸಿಕೊಂಡ. ಅವನ ಗುರಿಯೇನು, ಅವನನ್ನು ಮಣಿಸುವ ವಸ್ತುಗಳು ಕೋಟೆಯಲ್ಲಿ ಎಲ್ಲಿವೆ ಎಂಬುದನ್ನು ಇಸ್ಪೀಟಿನ ಎಲೆ ಹಾಕಿ ಭವಿಷ್ಯ ನೋಡುವ ದೃಶ್ಯದಿಂದಲೇ ತೀರ್ಮಾನಿಸುವ ಅನುಕೂಲ ಅದರಲ್ಲಿದೆ. ಅವನು ಕೊನೆಯ ಕೋಣೆಯಲ್ಲಿ ಕಾದು ಕೂರುವ ಖಳನಲ್ಲ, ಮಧ್ಯೆ ಮಧ್ಯೆ ತಾನಾಗಿಯೇ ಬಂದು ಕೆಣಕಿ ಹೋಗುವವನು. ನಲವತ್ತು ವರ್ಷ ದಾಟಿದರೂ ಅವನನ್ನು ಜನ ಆಡುತ್ತಲೇ ಇರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಎದುರಿಗಿಲ್ಲದಿರುವಾಗಲೂ ಖಳನು ಕೆಲಸ ಮಾಡುತ್ತಿರಬೇಕು, ಅದು ಕಾಣುತ್ತಲೂ ಇರಬೇಕು. ಬ್ಲೇಡ್ಸ್ ಇನ್ ದಿ ಡಾರ್ಕ್ ಆಟದಿಂದ ಹೆಚ್ಚು ಜನಪ್ರಿಯವಾದ ಗಡಿಯಾರದ ಉಪಾಯವನ್ನು ನಾನು ಬಳಸುತ್ತೇನೆ: ಕಾಗದದ ಮೇಲೆ ಒಂದು ವೃತ್ತ, ಅದರಲ್ಲಿ ಆರು ಭಾಗ, ಆಟಗಾರರು ಅವನ ಗೊಡವೆಗೆ ಹೋಗದ ಪ್ರತಿ ಸೆಷನ್ನಿಗೆ ಒಂದು ಭಾಗಕ್ಕೆ ಮಸಿ. ಆರೂ ತುಂಬಿದರೆ ಅವನು ಅಂದುಕೊಂಡದ್ದು ನಡೆದುಹೋಗುತ್ತದೆ. ಇದರ ಜೊತೆಗೆ ಸುಂಕದವನು ಪೂಜಾರಿಯೊಬ್ಬನಿಗೆ ದುಡ್ಡು ಕೊಟ್ಟು ಸೆಂಡಿಂಗ್ ಮಂತ್ರದ ಮೂಲಕ ತಿಂಗಳಿಗೊಂದು ಸಂದೇಶ ಕಳಿಸುತ್ತಿದ್ದ. ಆ ಮಂತ್ರದಲ್ಲಿ 25 ಪದಗಳಿಗೆ ಮಾತ್ರ ಅವಕಾಶ. ಕನ್ನಡದಲ್ಲಿ ಆಡುವವರಿಗೆ ಸಂಧಿ ಸಮಾಸಗಳ ಕೃಪೆಯಿಂದ ಅಷ್ಟರಲ್ಲಿ ಒಂದು ಪುಟ್ಟ ಪತ್ರವನ್ನೇ ಬರೆದುಬಿಡಬಹುದು ಎಂಬುದು ನಿಯಮ ಬರೆದವರಿಗೆ ಹೊಳೆದಿರಲಾರದು. ನನ್ನ ಆಟಗಾರರು ಉತ್ತರಕ್ಕಿರುವ 25 ಪದಗಳಲ್ಲಿ ಅವನನ್ನು ಬೈಯುವ ಕಲೆಯನ್ನು ಎಷ್ಟು ಬೆಳೆಸಿಕೊಂಡರೆಂದರೆ, ವ್ಯಾಕರಣ ಪಂಡಿತರು ಕೇಳಿದ್ದರೆ ಸಮಾಸದ ಹೊಸ ಪ್ರಭೇದಗಳನ್ನು ಗುರುತಿಸುತ್ತಿದ್ದರು.

ಸಾವನ್ನೇ ಗೆದ್ದ ಖಳರ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಲೇಖಕರು ತಮ್ಮ ಸಲಹೆಗೆ ಅವರನ್ನೇ ಸಾಕ್ಷಿಗೆ ಕರೆದಿದ್ದಾರೆ. ಲಿಚ್ ಎಂಬ ಸತ್ತೂ ಸಾಯದ ಮಾಂತ್ರಿಕನ ಆತ್ಮ ಒಂದು ಕರಂಡಕದಲ್ಲಿ ಅಡಗಿರುತ್ತದೆ. 2014ರ ನಿಯಮದಂತೆ ದೇಹ ನಾಶವಾದರೂ 1ರಿಂದ 10 ದಿನಗಳೊಳಗೆ ಆ ಕರಂಡಕದ ಪಕ್ಕದಲ್ಲೇ ಹೊಸ ದೇಹ ಮೂಡುತ್ತದೆ. ಅದೇ ನಿಯಮಪುಸ್ತಕದ ವ್ಯಾಂಪೈರ್ ಸೋತಾಗ ಮಂಜಾಗುತ್ತದೆ, ಆದರೆ 2 ಗಂಟೆಯೊಳಗೆ ತನ್ನ ಶವಪೆಟ್ಟಿಗೆಯನ್ನು ಸೇರದಿದ್ದರೆ ಅದರ ಕಥೆ ಮುಗಿಯಿತು. ನಮಗೆ ಚಿರಪರಿಚಿತವಾದ ಹೆಸರಿನ ರಾಕ್ಷಸ, ಅಲ್ಲಿ ಹುಲಿಯ ತಲೆ ಮತ್ತು ಹಿಂದುಮುಂದಾದ ಅಂಗೈಗಳ ಜೀವಿ, ಈ ಲೋಕದಲ್ಲಿ ಸತ್ತರೆ ನರಕದಲ್ಲಿ ತಿಂಗಳೋ ವರ್ಷವೋ ಯಾತನೆ ಅನುಭವಿಸಿ ಮತ್ತೆ ಮೈ ತಳೆಯುತ್ತದೆ, ಕೊಂದವರನ್ನು ಮರೆಯದೆ ಹುಡುಕಿಕೊಂಡು ಬರುತ್ತದೆ. ಈ ಮೂರರಲ್ಲೂ ಮರಳುವಿಕೆಗೆ ಒಂದು ಬೆಲೆಯಿದೆ ಅಥವಾ ಒಂದು ಗಂಟಿದೆ, ಆ ಗಂಟನ್ನು ಹುಡುಕಿ ಬಿಚ್ಚುವುದೇ ಆಟವಾಗುತ್ತದೆ. ಕರಂಡಕವನ್ನು ಹುಡುಕಿದರೂ ಸಿಗದಂತೆ ಬಚ್ಚಿಟ್ಟ ಗೇಮ್ ಮಾಸ್ಟರ್, ನನ್ನ ಉಂಗುರದ ತಪ್ಪನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದಾನೆ.

ಪ್ರತಿ ಸಲ ಮರಳಿದಾಗಲೂ ಆಟಗಾರರ ಪ್ರೀತಿಯ ಪಾತ್ರವೊಂದನ್ನು ಕೊಂದು ದ್ವೇಷಕ್ಕೆ ಎಣ್ಣೆ ಹೊಯ್ಯುವ ಚಾಳಿಯೂ ಕೆಲವರಿಗಿದೆ. ಅದು ಎರಡನೆಯ ಸಲಕ್ಕೆ ಹಳಸುತ್ತದೆ, ಮೂರನೆಯ ಸಲಕ್ಕೆ ಆಟಗಾರರು ಯಾವ ಪಾತ್ರವನ್ನೂ ಹಚ್ಚಿಕೊಳ್ಳುವುದಿಲ್ಲ. ಒಬ್ಬ ಖಳನಿಗೆ ಮೂರು, ಹೆಚ್ಚೆಂದರೆ ನಾಲ್ಕು ಮರಳುವಿಕೆ ಸಾಕು.

ಸುಂಕದವನ ಕೊನೆಯನ್ನು ಹೇಳಿ ಪತ್ರ ಮುಗಿಸುತ್ತೇನೆ. ಆಟ ಎರಡನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ಅವನು ಕುಬೇರನಾಗಿದ್ದ, ದೊಡ್ಡ ಮಾಂತ್ರಿಕರನ್ನು ಬಾಡಿಗೆಗೆ ಹಿಡಿಯಬಲ್ಲವನಾಗಿದ್ದ. ಕ್ಲೋನ್ ಎಂಬ ಎಂಟನೆಯ ಹಂತದ ಮಂತ್ರದಲ್ಲಿ ಮುಚ್ಚಿದ ಪಾತ್ರೆಯೊಂದರೊಳಗೆ ಮೈಯ ಪ್ರತಿರೂಪವನ್ನು ಬೆಳೆಸಬಹುದು. ಅದು ಪಕ್ವವಾಗಲು 120 ದಿನ ಬೇಕು, ಬೇಕಿದ್ದರೆ ಹರೆಯದ ಮೈಯಾಗಿಯೂ ಬೆಳೆಸಬಹುದು, ಅಸಲಿ ದೇಹ ಸತ್ತ ಗಳಿಗೆಯಲ್ಲಿ ಆತ್ಮ ಇದಕ್ಕೆ ಹಾರುತ್ತದೆ. ಈ ಸಲ ನಾನು ಯಾವುದನ್ನೂ ಬಾಯಿಗೆ ಬಂದಂತೆ ಹೇಳಲಿಲ್ಲ. ಮಂತ್ರ ಹಾಕಿದ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆದೆ, ಅದಕ್ಕೆ ಬೇಕಾದ ವಜ್ರದ ಖರ್ಚನ್ನು ಅವನ ಹೊಸ ಲೆಕ್ಕದ ಪುಸ್ತಕದಲ್ಲಿ ಸೇರಿಸಿದೆ, ಆ ಪುಸ್ತಕ ಆಟಗಾರರಿಗೆ ಸಿಗಬಹುದಾದ ಜಾಗದಲ್ಲೇ ಇಟ್ಟೆ. ಅದು ಅವರಿಗೆ ಸಿಕ್ಕಿತು. ಕಳ್ಳನ ಆಟಗಾರ ಸಾಲು ಸಾಲಾಗಿ ಓದಿ, ದೋಣಿ ಕಟ್ಟುವವರಿಗೆ ಮನುಷ್ಯನಷ್ಟುದ್ದದ ಮುಚ್ಚಳವಿರುವ ಪೆಟ್ಟಿಗೆಯೊಂದಕ್ಕೆ ಹಣ ಸಂದಾಯವಾಗಿರುವುದನ್ನು ಹಿಡಿದ. ಹಾಳುಬಿದ್ದ ದೋಣಿಮನೆಯ ನೆಲಮಾಳಿಗೆಯಲ್ಲಿ ಅದನ್ನು ಅವರು ತೆರೆದದ್ದು 113ನೆಯ ದಿನ. ಒಳಗೆ ಕಣ್ಣು ಮುಚ್ಚಿ ಮಲಗಿದ್ದ, ಹರೆಯದ ಸುಂಕದವನು. ಅವನಿಗೆ ಎರಡೂ ಕೈಗಳಿದ್ದವು.

ಯೋಧನ ಆಟಗಾರ್ತಿ ಬಹಳ ಹೊತ್ತು ಆ ಬಲಗೈಯ ಬಗ್ಗೆಯೇ ಕೇಳಿದಳು: ಉಗುರು ಹೇಗಿದೆ, ಹೆಬ್ಬೆರಳು ಹೇಗಿದೆ. ಆಮೇಲೆ ಪೆಟ್ಟಿಗೆಯನ್ನು ಸುಟ್ಟರು. ನಾಲ್ಕು ದಿನಗಳ ನಂತರ ಅಸಲಿಯವನು ಸಿಕ್ಕಿದ. ಕಾಳಗ ಎರಡು ಸುತ್ತೂ ನಡೆಯಲಿಲ್ಲ. ನಾನು ನನ್ನ ದಾಳಗಳನ್ನು ಮರೆಮಾಡುವ ಪರದೆಯನ್ನು ಮೇಜಿನಿಂದ ತೆಗೆದು ಕೆಳಗಿಟ್ಟು ಎಲ್ಲ ದಾಳಗಳನ್ನೂ ಅವರೆದುರೇ ಉರುಳಿಸಿದೆ. ಅವನು ಬಿದ್ದ ಮೇಲೆ ಯಾರೂ ಕೂಗಲಿಲ್ಲ. ಕಳ್ಳನ ಆಟಗಾರ ತನ್ನ ಹಳೆಯ ಹಾಳೆಯನ್ನು ತೆಗೆದು, ಪೆನ್ಸಿಲ್ ಹಿಡಿದು, "ಉಳಿದ ಕೈಯ ಬೆರಳುಗಳನ್ನು ನೋಡುತ್ತೇನೆ, ಏನಿದೆ?" ಎಂದು ಕೇಳಿದ.

"ಮಸಿಯ ಕಲೆ ಬಿಟ್ಟರೆ ಏನೂ ಇಲ್ಲ" ಎಂದೆ. ಅವನು ಬರೆದುಕೊಂಡ.

ಇತಿ ತಮ್ಮ ವಿಶ್ವಾಸಿ,
ಆಟ ನಡೆಸುವ ಒಬ್ಬ ಓದುಗ